ಟೆಕ್ಸಾಸ್‌ನಲ್ಲಿ ಆನ್‌ಲೈನ್ ನೋಟರಿ ಆಗಬೇಕೆಂದಿದ್ದೇನೆ, ತಿಳಿದವರು ದಾರಿ ಹೇಳುವಿರಾ?

ನಂದಿನಿ, ಫ್ರಿಸ್ಕೊ:

ಎಲ್ಲರಿಗೂ ನಮಸ್ಕಾರ. ನಾನು ಡಲ್ಲಾಸ್ ಪಕ್ಕದ ಫ್ರಿಸ್ಕೊದಲ್ಲಿದ್ದೇನೆ. ಶಿವಮೊಗ್ಗದಲ್ಲಿದ್ದಾಗ ಬ್ಯಾಂಕೊಂದರಲ್ಲಿ ಸಾಲದ ಕಾಗದಪತ್ರಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೆ. ಇಲ್ಲಿಗೆ ಬಂದ ಮೇಲೆ ಎಚ್-4 ವೀಸಾದ (ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿಗೆ ಸಿಗುವ ವೀಸಾ) ಕಾರಣ ಮನೆಯಲ್ಲೇ ಉಳಿಯಬೇಕಾಯಿತು. ಈಗ ಕೆಲಸದ ಅನುಮತಿ ಪತ್ರ, ಅಂದರೆ ಇಎಡಿ, ಕೈಗೆ ಬಂದಿದೆ. ಮಕ್ಕಳಿಬ್ಬರೂ ಚಿಕ್ಕವರು, ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ ಸದ್ಯಕ್ಕೆ ಹೊಂದುವುದಿಲ್ಲ. ವಿಡಿಯೊ ಕರೆಯ ಮೂಲಕ ನೋಟರಿ ಕೆಲಸ ಮಾಡುವವರ ಬಗ್ಗೆ ಓದಿದಾಗಿನಿಂದ ಅದೇ ಯೋಚನೆ.

ನನ್ನ ಗೊಂದಲಗಳು ಇವು. ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರು ನೋಟರಿಯಾಗಬಹುದೇ? ನಮ್ಮ ಯಜಮಾನರು ಎಚ್-1ಬಿಯಲ್ಲಿದ್ದಾರೆ, ವಾರಾಂತ್ಯದಲ್ಲಿ ಅವರೂ ಮಾಡಬಹುದೇ? ನೇರವಾಗಿ ಆನ್‌ಲೈನ್ ನೋಟರಿಗೇ ಅರ್ಜಿ ಹಾಕಬಹುದೇ, ಖರ್ಚು ಎಷ್ಟು? ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಲ್ಯಾಪ್‌ಟಾಪ್ ಒಯ್ದು ಅಲ್ಲಿಂದಲೇ ಕೆಲಸ ಮುಂದುವರಿಸಬಹುದೇ? ಎಲ್ಲಕ್ಕಿಂತ ಮುಖ್ಯವಾಗಿ, ಇದರಿಂದ ನಾಲ್ಕು ಕಾಸು ಹುಟ್ಟುತ್ತದೆಯೇ? ಊರಿನ ಸೈಟು, ಜಮೀನಿಗೆ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ, ಮಾಡಿಸಲು ಅಲೆದಾಡುವ ಕನ್ನಡದವರು ನನ್ನ ಪರಿಚಯದಲ್ಲೇ ಬಹಳ ಜನ. ಅವರಿಗೆ ಕನ್ನಡದಲ್ಲೇ ವಿವರಿಸಿ, ಮನೆಯಿಂದಲೇ ಮಾಡಿಕೊಡುವ ಆಸೆ ನನ್ನದು.

ಶ್ರೀಹರಿ, ಟ್ಯಾಂಪಾ:

ನಾನು ಫ್ಲೋರಿಡಾದವನು, ಆದ್ದರಿಂದ ಟೆಕ್ಸಾಸ್‌ನ ವಿವರವನ್ನು ಅಲ್ಲಿಯವರೇ ಹೇಳಲಿ. ಇಲ್ಲಿ ಆನ್‌ಲೈನ್ ನೋಟರಿ ಕಾನೂನು 2020ರ ಜನವರಿ 1ರಿಂದ ಜಾರಿಯಲ್ಲಿದೆ. 25,000 ಡಾಲರಿನ ಬಾಂಡ್, ಅಷ್ಟೇ ಮೊತ್ತದ ಹೊಣೆಗಾರಿಕೆ ವಿಮೆ, ಜೊತೆಗೆ ತರಬೇತಿ ಬೇಕು. ಪ್ರತಿ ಕರೆಯ ವಿಡಿಯೊ ದಾಖಲೆಯನ್ನು 10 ವರ್ಷ ಜೋಪಾನ ಮಾಡಬೇಕು. ಒಂದು ದೃಢೀಕರಣಕ್ಕೆ ನಾವು ಪಡೆಯಬಹುದಾದ ಗರಿಷ್ಠ ಶುಲ್ಕ 25 ಡಾಲರ್.

ಮಕ್ಕಳ ವಿಷಯ ಬರೆದಿದ್ದೀರಿ, ಅದಕ್ಕೆ ಒಂದು ಮಾತು. ವಿಡಿಯೊ ನಡೆಯುವಾಗ ಕೋಣೆಯ ಬಾಗಿಲು ಹಾಕಿರಲೇಬೇಕು. ಎದುರಿನವರ ಚಾಲನಾ ಪರವಾನಗಿ, ಸಾಲದ ಮೊತ್ತ, ಮನೆಯ ವಿಳಾಸ ಎಲ್ಲವೂ ನಿಮ್ಮ ಪರದೆಯ ಮೇಲೆ ತೆರೆದಿರುತ್ತದೆ. ಮಕ್ಕಳು ನಿದ್ರಿಸುವ ಅಥವಾ ಶಾಲೆಯಲ್ಲಿರುವ ಹೊತ್ತನ್ನೇ ಇದಕ್ಕೆ ಮೀಸಲಿಡಿ. ಕರೆಗಾಗಿ ಕಾಯುತ್ತಾ ಕೂರುವ ಬಗೆಯ ಕೆಲಸಕ್ಕಿಂತ ಮೊದಲೇ ವೇಳೆ ಗೊತ್ತುಮಾಡಿಕೊಂಡು ಮಾಡುವ ಕೆಲಸ ನಿಮಗೆ ಹೊಂದುತ್ತದೆ.

ವಸುಧಾ, ಹ್ಯೂಸ್ಟನ್:

ನಂದಿನಿ ಅವರೇ, ನಾನು ಇಲ್ಲಿಯ ಟೈಟಲ್ ಕಂಪನಿಯೊಂದರಲ್ಲಿ (ಆಸ್ತಿಯ ಒಡೆತನದ ದಾಖಲೆ ಪರಿಶೀಲಿಸುವ ಸಂಸ್ಥೆ) ಮನೆ ಮಾರಾಟದ ಕಾಗದಪತ್ರಗಳ ವಿಭಾಗದಲ್ಲಿದ್ದೇನೆ, ಆನ್‌ಲೈನ್ ನೋಟರಿಯೂ ಹೌದು. ನೀವು ಸಾಲದ ಕಡತಗಳನ್ನು ನೋಡಿದವರು ಎಂದು ಓದಿ ಸಂತೋಷವಾಯಿತು. ಖಾಲಿ ಬಿಟ್ಟ ಜಾಗ ಕಂಡಾಗ ಸಹಿಗೆ ಹೋದ ಕೈಯನ್ನು ತಡೆಯುವ ಅಭ್ಯಾಸ ನಿಮಗೆ ಆಗಲೇ ಆಗಿರುತ್ತದೆ. ಈ ಕೆಲಸಕ್ಕೆ ಅದಕ್ಕಿಂತ ದೊಡ್ಡ ಅರ್ಹತೆಯಿಲ್ಲ.

ಪೌರತ್ವದ ಪ್ರಶ್ನೆಗೆ ಉತ್ತರ: ಬೇಕಿಲ್ಲ. ಒಂದು ಕಾಲಕ್ಕೆ ಟೆಕ್ಸಾಸ್ ಪ್ರಜೆಗಳನ್ನು ಮಾತ್ರ ನೋಟರಿ ಮಾಡುತ್ತಿತ್ತು. ಮೆಕ್ಸಿಕೊದಲ್ಲಿ ಹುಟ್ಟಿ ಇಲ್ಲಿ ಕಾಯಂ ನಿವಾಸಿಯಾಗಿದ್ದ ಬರ್ನಲ್ ಎಂಬುವರು ವಲಸೆ ಕೃಷಿ ಕಾರ್ಮಿಕರಿಗೆ ಕಾನೂನು ನೆರವು ನೀಡುವ ಸಂಸ್ಥೆಯಲ್ಲಿ ಸಹಾಯಕರಾಗಿದ್ದರು. ಅವರ ನೋಟರಿ ಅರ್ಜಿಯನ್ನು ಪೌರತ್ವದ ಕಾರಣಕ್ಕೆ ತಿರಸ್ಕರಿಸಿದಾಗ ಅವರು ನ್ಯಾಯಾಲಯಕ್ಕೆ ಹೋದರು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಯಮವನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಒಂದೇ ಕಡೆ. ನಾವು ಈಗ ಸಲೀಸಾಗಿ ಅರ್ಜಿ ತುಂಬುತ್ತಿದ್ದೇವೆಂದರೆ ಅದು ಆ ಮನುಷ್ಯನ ಹಟದ ಫಲ, ಅವರನ್ನು ನೆನೆಯದೆ ಈ ಉತ್ತರ ಬರೆಯಲು ನನಗೆ ಮನಸ್ಸಾಗುವುದಿಲ್ಲ. 18 ವರ್ಷ ತುಂಬಿರಬೇಕು, ಟೆಕ್ಸಾಸ್ ನಿವಾಸಿಯಾಗಿರಬೇಕು, ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿರಬಾರದು. ಇಎಡಿ ಇರುವ ನೀವು ಶುಲ್ಕ ಪಡೆದು ದುಡಿಯಬಹುದು. ನಿಮ್ಮ ಯಜಮಾನರು ಬೇಡ. ಎಚ್-1ಬಿ ಎಂದರೆ ಅರ್ಜಿ ಹಾಕಿದ ಉದ್ಯೋಗದಾತರ ಬಳಿ ಮಾತ್ರ ದುಡಿಮೆ. ವಾರಾಂತ್ಯದ ಹತ್ತು ಡಾಲರ್ ಶುಲ್ಕವೂ ಸ್ವಂತ ದುಡಿಮೆಯೇ ಆಗುತ್ತದೆ. ಇಡೀ ಕುಟುಂಬದ ವೀಸಾ ಅವರ ಹೆಗಲ ಮೇಲಿರುವಾಗ ಆ ಗಂಡಾಂತರ ಏಕೆ?

ಇನ್ನು ಕ್ರಮ. ನೇರವಾಗಿ ಆನ್‌ಲೈನ್ ನೋಟರಿಯಾಗಲು ಬರುವುದಿಲ್ಲ. ಮೊದಲು ಸಾಮಾನ್ಯ ನೋಟರಿಯಾಗಬೇಕು: ಟೆಕ್ಸಾಸ್ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಅರ್ಜಿ, 21 ಡಾಲರ್ ಶುಲ್ಕ, 10,000 ಡಾಲರಿನ ಬಾಂಡ್, ಪ್ರಮಾಣವಚನ. ಅವಧಿ ನಾಲ್ಕು ವರ್ಷ. 2025ರ ತಿದ್ದುಪಡಿಯ ನಂತರ ತರಬೇತಿಯೂ ಕಡ್ಡಾಯವಾಗಿದೆ. 10,000 ಎಂದು ಕೇಳಿ ಗಾಬರಿಯಾಗಬೇಡಿ, ನೀವು ಕಟ್ಟುವುದು ಅದರ ಸಣ್ಣ ಪ್ರೀಮಿಯಂ ಮಾತ್ರ. ಆದರೆ ಒಂದು ವಿಷಯ ಬಹಳ ಜನ ತಿರುಗುಮುರುಗಾಗಿ ತಿಳಿದಿರುತ್ತಾರೆ. ಬಾಂಡ್ ಇರುವುದು ನಿಮ್ಮ ರಕ್ಷಣೆಗಲ್ಲ, ನಿಮ್ಮಿಂದ ನಷ್ಟವಾದವರ ರಕ್ಷಣೆಗೆ. ಬಾಂಡ್ ಕಂಪನಿ ಅವರಿಗೆ ಹಣ ಕೊಟ್ಟು ನಂತರ ನಿಮ್ಮಿಂದ ವಸೂಲಿ ಮಾಡುತ್ತದೆ. ನಿಮ್ಮನ್ನು ಕಾಯುವುದು ತಪ್ಪು ಮತ್ತು ಲೋಪಗಳ ವಿಮೆ. ಕಾನೂನು ಕೇಳದಿದ್ದರೂ ಅದನ್ನು ಮಾಡಿಸಿ.

ಸಾಮಾನ್ಯ ನೇಮಕ ಬಂದ ಮೇಲೆ ಆನ್‌ಲೈನ್ ನೇಮಕಕ್ಕೆ ಬೇರೆ ಅರ್ಜಿ, 50 ಡಾಲರ್. ಅದರ ಜೊತೆ ನಿಮ್ಮ ಡಿಜಿಟಲ್ ಪ್ರಮಾಣಪತ್ರ ಮತ್ತು ಎಲೆಕ್ಟ್ರಾನಿಕ್ ಮುದ್ರೆಯನ್ನು ಸಲ್ಲಿಸಬೇಕು. ಆನ್‌ಲೈನ್ ನೇಮಕಕ್ಕೆ ತನ್ನದೇ ನಾಲ್ಕು ವರ್ಷವಿಲ್ಲ, ಮೂಲ ನೇಮಕ ಮುಗಿದ ದಿನವೇ ಅದೂ ಮುಗಿಯುತ್ತದೆ. ಹಾಗಾಗಿ ಒಂದರ ಹಿಂದೆ ಒಂದು ಬೇಗ ಮಾಡಿಸಿಕೊಂಡರೆ ಹಣಕ್ಕೆ ತಕ್ಕ ಕಾಲ ಸಿಗುತ್ತದೆ.

ಊರಿನಿಂದ ಕೆಲಸ ಮಾಡುವ ಯೋಚನೆಯನ್ನು ಈಗಲೇ ಬಿಟ್ಟುಬಿಡಿ. ದೃಢೀಕರಿಸುವ ಹೊತ್ತಿನಲ್ಲಿ ನೀವು ಟೆಕ್ಸಾಸ್‌ನ ನೆಲದ ಮೇಲಿರಬೇಕು. ಶಿವಮೊಗ್ಗವಿರಲಿ, ಗಡಿ ದಾಟಿ ಒಕ್ಲಹೋಮಾದ ಹೋಟೆಲಿನಲ್ಲಿ ಕೂತರೂ ನಿಮ್ಮ ಮುದ್ರೆಗೆ ಬಲವಿಲ್ಲ. ಸಹಿ ಮಾಡುವವರು ಮಾತ್ರ ಬೇರೆ ರಾಜ್ಯದಲ್ಲಿರಬಹುದು. ಈ ಪದ್ಧತಿಯ ಶಕ್ತಿ ಇರುವುದೇ ಇಲ್ಲಿ. ವರ್ಜೀನಿಯಾ 2011ರಲ್ಲಿ ಮೊದಲು ಕಾನೂನು ಮಾಡಿ 2012ರ ಜುಲೈನಲ್ಲಿ ಜಾರಿಗೆ ತಂದಿತು. ನಮ್ಮಲ್ಲಿ 2018ರ ಜುಲೈ 1ರಿಂದ ನಡೆಯುತ್ತಿದೆ. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನಿಗೆ ಸಹಿ ಹಾಕಿದೆಯಾದರೂ ತನ್ನ ನೋಟರಿಗಳಿಗೆ ಪೂರ್ತಿ ಅನುಮತಿ ಸಿಗುವುದು 2030ರವರೆಗೂ ತಡವಾಗಬಹುದು. ಆದರೆ ಹೊರರಾಜ್ಯದ ನೋಟರಿ ತನ್ನ ರಾಜ್ಯದ ಕಾನೂನಿಗೆ ತಕ್ಕಂತೆ ಮಾಡಿದ ದೃಢೀಕರಣವನ್ನು ಅದು ಮಾನ್ಯ ಮಾಡುತ್ತದೆ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಕನ್ನಡಿಗರೊಬ್ಬರಿಗೆ ಫ್ರಿಸ್ಕೊದಲ್ಲಿ ಕೂತು ನೀವು ಕೆಲಸ ಮಾಡಿಕೊಡಬಹುದು. ಇಡೀ ದೇಶಕ್ಕೆ ಒಂದೇ ನಿಯಮ ತರುವ ಮಸೂದೆ 2023ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಯಿತು, ಸೆನೆಟ್ ದಾಟಲಿಲ್ಲ. ಅದಕ್ಕೇ ಪ್ರತಿ ಬಾರಿಯೂ ಕಾಗದ ಯಾವ ಕಚೇರಿಗೆ ಹೋಗುತ್ತದೆ, ಅಲ್ಲಿ ಸ್ವೀಕರಿಸುತ್ತಾರೆಯೇ ಎಂದು ಗಿರಾಕಿಯಿಂದ ಮೊದಲೇ ಕೇಳಿಸಿ.

ಈಗ ನಾನು ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಮುದ್ರೆ ಹಾಕುವುದನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ. ಹಾಕುವುದಿಲ್ಲ ಎನ್ನುವುದನ್ನು ಕಲಿಯಲು ಕಾಲ ಬೇಕು, ಮತ್ತು ನಮ್ಮವರಿಗೆ ಅದನ್ನು ಹೇಳುವುದು ಇನ್ನೂ ಕಷ್ಟ.

ಗುರುತು ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ಗಿರಾಕಿ ತಮ್ಮ ಗುರುತಿನ ಚೀಟಿಯ ಎರಡೂ ಬದಿಯನ್ನು ಕ್ಯಾಮೆರಾಕ್ಕೆ ಹಿಡಿಯುತ್ತಾರೆ, ತಂತ್ರಾಂಶ ಅದರ ಅಸಲಿತನ ನೋಡುತ್ತದೆ. ಆಮೇಲೆ ಪ್ರಶ್ನೆಗಳು. ಕನಿಷ್ಠ ಐದು ಪ್ರಶ್ನೆ, ಎರಡು ನಿಮಿಷ, ನೂರಕ್ಕೆ ಎಂಬತ್ತರಷ್ಟು ಸರಿಯಾಗಬೇಕು. ಈ ಬೀದಿಗಳ ಪೈಕಿ ಯಾವುದರಲ್ಲಿ ವಾಸವಿದ್ದಿರಿ, ಯಾವ ಕಾರು ನಿಮ್ಮ ಹೆಸರಿನಲ್ಲಿತ್ತು ಎಂಬಂಥವು. ಉತ್ತರಗಳು ಬರುವುದು ಕ್ರೆಡಿಟ್ ಇತಿಹಾಸ ಮತ್ತು ಸಾರ್ವಜನಿಕ ದಾಖಲೆಗಳಿಂದ. ಇಪ್ಪತ್ತು ವರ್ಷದಿಂದ ಇಲ್ಲಿರುವವರಿಗೆ ಇದು ಸುಲಭ. ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿಗೆ? ಆಕೆಯ ಹೆಸರಿನಲ್ಲಿ ಸಾಲವಿಲ್ಲ, ಕಾರಿಲ್ಲ, ಹಳೆಯ ವಿಳಾಸವಿಲ್ಲ. ಅಂಥವರು ನನ್ನ ಮುಂದೆ ಬಂದಿದ್ದಾರೆ. ಆಕೆ ತಾನೇ ಎಂಬುದರಲ್ಲಿ ನನಗೆ ಲವಲೇಶವೂ ಅನುಮಾನವಿರಲಿಲ್ಲ, ಆದರೆ ಯಂತ್ರ ಕೇಳುವುದಕ್ಕೆ ಆಕೆಯ ಬಳಿ ಉತ್ತರವೂ ಇರಲಿಲ್ಲ. ನನ್ನ ನಂಬಿಕೆ ಕಾನೂನಿನ ಪುರಾವೆಯಲ್ಲ. ಹತ್ತಿರದ ನೋಟರಿಯ ಬಳಿಗೆ ಚಾಲನಾ ಪರವಾನಗಿ ಹಿಡಿದು ಹೋಗಿ ಎಂದು ಕಳುಹಿಸಿದೆ.

ಇನ್ನೊಂದು ಬಗೆಯ ನಿರಾಕರಣೆ ಇದಕ್ಕಿಂತ ಭಾರ. ವಯಸ್ಸಾದ ಹೆಂಗಸೊಬ್ಬರು ಮನೆಯನ್ನು ಬರೆದುಕೊಡುವ ಪತ್ರಕ್ಕೆ ಸಹಿ ಹಾಕಲು ಪರದೆಗೆ ಬಂದಿದ್ದರು. ಪರೀಕ್ಷೆಯಲ್ಲಿ ಉತ್ತೀರ್ಣರಾಗಿದ್ದರು, ಚೀಟಿ ಸರಿಯಿತ್ತು. ಆದರೆ ನಾನು ಏನು ಕೇಳಿದರೂ ಅವರ ಕಣ್ಣು ಕ್ಯಾಮೆರಾದ ಎಡಕ್ಕೆ ಹೊರಳಿ, ಒಂದು ಕ್ಷಣದ ನಂತರ ಉತ್ತರ ಬರುತ್ತಿತ್ತು. ಕೋಣೆಯನ್ನೆಲ್ಲ ಒಮ್ಮೆ ತೋರಿಸಿ ಎಂದೆ. ಪಕ್ಕದಲ್ಲಿದ್ದವರು ಲ್ಯಾಪ್‌ಟಾಪ್ ತಿರುಗಿಸಲು ಒಪ್ಪಲಿಲ್ಲ. ನಾನು ಅಲ್ಲಿಗೇ ನಿಲ್ಲಿಸಿ, ಕಾರಣವನ್ನು ದಾಖಲೆಯಲ್ಲಿ ಬರೆದೆ. ಆ ದಿನ ಕೆಲಸ ಕಳುಹಿಸಿದ ಆನ್‌ಲೈನ್ ನೋಟರಿ ವೇದಿಕೆಯವರು ಗಿರಾಕಿಯನ್ನು ಕಳೆದೆ ಎಂದು ಮುನಿಸಿಕೊಂಡರು. ಮುನಿಸಿಕೊಳ್ಳಲಿ. ಮೇಜಿನ ಎದುರು ಕೂತ ನೋಟರಿಗೆ ಇಡೀ ಕೋಣೆ ಕಾಣುತ್ತದೆ, ನಮಗೆ ಕಾಣುವುದು ಚೌಕಟ್ಟಿನೊಳಗಿನ ಒಂದು ಮುಖ. ಆ ಕೊರತೆಯನ್ನು ಪ್ರಶ್ನೆ ಕೇಳಿಯೇ ತುಂಬಿಕೊಳ್ಳಬೇಕು. ಸಹಿ ಮಾಡುವವರು ಎದುರಿಗೆ ಅಥವಾ ವಿಡಿಯೊದಲ್ಲಿ ಹಾಜರಾಗಲಿಲ್ಲವೆಂದು ತಿಳಿದೂ ದೃಢೀಕರಿಸಿದರೆ ಟೆಕ್ಸಾಸ್‌ನಲ್ಲಿ ಈಗ ಅದು ಕ್ರಿಮಿನಲ್ ಅಪರಾಧ. ಪರಿಚಯದ ಅಣ್ಣನೊಬ್ಬರು "ಅವಳು ಆಫೀಸಿನಲ್ಲಿದ್ದಾಳೆ, ಸಹಿ ಆಗಿದೆ, ನೀವು ಹಾಕಿಬಿಡಿ" ಎಂದು ಕೇಳುವ ದಿನ ಖಂಡಿತ ಬರುತ್ತದೆ. ಉತ್ತರವನ್ನು ಈಗಲೇ ಸಿದ್ಧವಾಗಿಟ್ಟುಕೊಳ್ಳಿ.

ದುಡ್ಡಿನ ವಿಷಯ. ಸಾಮಾನ್ಯ ದೃಢೀಕರಣಕ್ಕೆ ಮೊದಲ ಸಹಿಗೆ 10 ಡಾಲರ್, ಆನ್‌ಲೈನ್ ಆದರೆ ಅದರ ಮೇಲೆ 25ರವರೆಗೆ ಪಡೆಯಬಹುದು. ಪ್ರೂಫ್, ಒನ್‌ನೋಟರಿ, ಬ್ಲೂನೋಟರಿ ಮೊದಲಾದ ವೇದಿಕೆಗಳಿವೆ. ವೇದಿಕೆಯೇ ಗಿರಾಕಿಯನ್ನು ತಂದರೆ ನಿಮಗೆ ಸಿಗುವುದು ಶುಲ್ಕದ ಒಂದು ಪಾಲು ಮಾತ್ರ, ಗಿರಾಕಿಯನ್ನು ನೀವೇ ತಂದರೆ ವೇದಿಕೆಗೆ ನೀವು ಕಟ್ಟಬೇಕು. ಮನೆ ಮಾರಾಟ, ಸಾಲ ಮರುಹೊಂದಾಣಿಕೆಯ ಕೆಲಸ ಸ್ಥಿರ ಆದಾಯ ಕೊಡುತ್ತದೆ, ಆದರೆ ಟೈಟಲ್ ಕಂಪನಿಗಳು ಅನುಭವ ನೋಡಿ ಕೆಲಸ ಕೊಡುತ್ತವೆ. ಆದ್ದರಿಂದ ಮೊದಲ ಕಾಲವನ್ನು ಎದುರುಬದುರು ದೃಢೀಕರಣದಲ್ಲಿ ಕಳೆಯಿರಿ. ಬರೀ ಆನ್‌ಲೈನ್ ನಂಬಿ ಮನೆ ಬಾಡಿಗೆಯ ಲೆಕ್ಕ ಹಾಕಬೇಡಿ. ಇತರ ದುಡಿಮೆಯ ಪಕ್ಕದಲ್ಲಿ ಇದು ಗೌರವದ ಸಂಪಾದನೆ.

ನಂದಿನಿ, ಫ್ರಿಸ್ಕೊ:

ವಸುಧಾ ಅಕ್ಕ, ಇಷ್ಟು ಬಿಡಿಸಿ ಬರೆದದ್ದಕ್ಕೆ ಧನ್ಯವಾದ. ಬರ್ನಲ್ ಅವರ ವಿಷಯ ನನಗೆ ಗೊತ್ತೇ ಇರಲಿಲ್ಲ, ಯಜಮಾನರಿಗೂ ಓದಿ ಹೇಳಿದೆ. ಶ್ರೀಹರಿ ಅವರ ಮಾತಿನಂತೆ ಮಕ್ಕಳು ಶಾಲೆಗೆ ಹೋಗುವ ಹೊತ್ತನ್ನೇ ಇಟ್ಟುಕೊಳ್ಳುತ್ತೇನೆ.

ಜಿಪಿಎ ಬಗ್ಗೆ ಇನ್ನೊಂದು ಪ್ರಶ್ನೆ. ನಮ್ಮ ಅತ್ತೆ ಈಗ ಸಂದರ್ಶಕರ ವೀಸಾದಲ್ಲಿ ನಮ್ಮ ಮನೆಯಲ್ಲಿದ್ದಾರೆ. ಹಾಸನದಲ್ಲಿ ಅವರ ಹೆಸರಿನಲ್ಲೊಂದು ಸೈಟಿದೆ, ಅದರ ವ್ಯವಹಾರ ನೋಡಿಕೊಳ್ಳಲು ಅಲ್ಲಿರುವ ಮೈದುನನಿಗೆ ಅಧಿಕಾರ ಕೊಡಬೇಕು. ನಾನು ನೋಟರಿಯಾದ ಮೇಲೆ ನಾನೇ ಮಾಡಬಹುದೇ? ಇಂಥ ಸೇವೆ ಲಭ್ಯವಿದೆ ಎಂದು ಕನ್ನಡ ಕೂಟದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ತಪ್ಪೇ?

ವಸುಧಾ, ಹ್ಯೂಸ್ಟನ್:

ನಂದಿನಿ, ಅತ್ತೆಯವರ ಕಾಗದವನ್ನು ನೀವು ಮುಟ್ಟಬೇಡಿ. ನೀವು ಪತ್ರದ ಭಾಗಿಯಲ್ಲದಿದ್ದರೆ, ಅದರಿಂದ ಲಾಭವಿಲ್ಲದಿದ್ದರೆ ಟೆಕ್ಸಾಸ್ ಕಾನೂನು ಸಂಬಂಧಿಕರ ದೃಢೀಕರಣವನ್ನು ನೇರವಾಗಿ ತಡೆಯುವುದಿಲ್ಲ, ನಿಜ. ಆದರೆ ಅತ್ತೆಯ ಆಸ್ತಿ ನಾಳೆ ನಿಮ್ಮ ಯಜಮಾನರಿಗೂ ಬರುವುದೇ. ಮನೆಯೊಳಗೆ ಎಂದಾದರೂ ಮಾತು ಬಂದರೆ ಸೊಸೆಯ ಮುದ್ರೆಯೇ ಮೊದಲ ಪ್ರಶ್ನೆಯಾಗುತ್ತದೆ.

ಅವರಿಗೆ ಆನ್‌ಲೈನ್ ದಾರಿಯೂ ಇಲ್ಲ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಕ್ರೆಡಿಟ್ ಇತಿಹಾಸ ಯಾವುದೂ ಇಲ್ಲದೆ ಆ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಎದುರುಬದುರಾಗಿ ಹೋದರೂ ತೊಡಕಿದೆ. ವಿದೇಶಿ ಪಾಸ್‌ಪೋರ್ಟನ್ನು ಗುರುತಿಗಾಗಿ ಟೆಕ್ಸಾಸ್ ಕಾನೂನು ಒಪ್ಪುವುದು ವಾಸದ ಮನೆಯ ವ್ಯವಹಾರದ ಪತ್ರಗಳಿಗೆ. ಬೇರೆ ಪತ್ರವಾದರೆ, ನೋಟರಿಗೂ ಅತ್ತೆಯವರಿಗೂ ಸ್ವತಃ ಪರಿಚಯವಿರುವ ನಂಬಲರ್ಹ ಸಾಕ್ಷಿಯೊಬ್ಬರು ಪ್ರಮಾಣ ಮಾಡಿ ಗುರುತಿಸಬೇಕು. ಈ ನಿಯಮ ಗೊತ್ತಿಲ್ಲದೆ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಅಲೆಯುವವರನ್ನು ನೋಡಿದರೆ ಹೊಟ್ಟೆ ಚುರ್ ಎನ್ನುತ್ತದೆ.

ಭಾರತದ ಕಡೆಯಿಂದಲೂ ನೋಡಿ. 1908ರ ನೋಂದಣಿ ಕಾಯಿದೆಯ 33ನೇ ಕಲಮಿನ ಪ್ರಕಾರ ಹೊರದೇಶದಲ್ಲಿರುವವರ ಅಧಿಕಾರ ಪತ್ರ ಅಲ್ಲಿಯ ನೋಟರಿ, ನ್ಯಾಯಾಧೀಶರು ಅಥವಾ ಭಾರತದ ಕಾನ್ಸುಲ್ ಮುಂದೆ ಆಗಿರಬೇಕು. ಅತ್ತೆಯವರ ಬಳಿ ಭಾರತದ ಪಾಸ್‌ಪೋರ್ಟ್ ಇರುವುದರಿಂದ ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟ್ ಮೂಲಕ ಹೋಗುವುದೇ ನೆಟ್ಟಗಿನ ದಾರಿ. ಅವರ ಜಾಲತಾಣದಲ್ಲಿ ಬೇಕಾದ ಕಾಗದಗಳ ಪಟ್ಟಿ ನೋಡಿಕೊಳ್ಳಿ. ಪತ್ರ ಕರ್ನಾಟಕ ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಇದನ್ನು ಮೈದುನನಿಗೆ ಇವತ್ತೇ ಹೇಳಿ. ಹಾಸನದ ವಕೀಲರೊಬ್ಬರಿಂದಲೇ ಕರಡು ಬರೆಸಿ ತರಿಸಿಕೊಳ್ಳಿ. ಸರ್ವೆ ನಂಬರ್, ಚಕ್ಕುಬಂದಿ ಎಲ್ಲ ಅವರಿಗೆ ಗೊತ್ತಿರುತ್ತದೆ.

ಆನ್‌ಲೈನ್ ನೋಟರಿಯಾಗಿ ಊರಿನ ಜಿಪಿಎಗಳನ್ನೇ ನೆಚ್ಚಿಕೊಳ್ಳಬೇಡಿ ಎಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣ: ಆನ್‌ಲೈನ್ ದಾಖಲೆಯಲ್ಲಿ ಮೂಲ ಪ್ರತಿ ಎಂದರೆ ಆ ಎಲೆಕ್ಟ್ರಾನಿಕ್ ಕಡತವೇ. ಯಾರಾದರೂ ಒಂದಕ್ಷರ ತಿದ್ದಿದರೂ ಡಿಜಿಟಲ್ ಪ್ರಮಾಣಪತ್ರ ಅದನ್ನು ತೋರಿಸಿಕೊಡುತ್ತದೆ. ಅದನ್ನು ಕಾಗದದ ಮೇಲೆ ಮುದ್ರಿಸಿದ ಕೂಡಲೇ ಆ ಕಾವಲು ಹೋಗುತ್ತದೆ. ಶಾಯಿಯ ಸಹಿ ನೋಡಿ ಅಭ್ಯಾಸವಾದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಂಥ ಮುದ್ರಿತ ಪ್ರತಿಯನ್ನು ಇಟ್ಟರೆ ಗಿರಾಕಿ ಸಿಕ್ಕಿಬೀಳುತ್ತಾರೆ. ಅಂಥವರಿಗೆ ಶಾಯಿಯ ಸಹಿ, ಎದುರಿನ ನೋಟರಿ, ನಂತರ ಟೆಕ್ಸಾಸ್‌ನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಅಪೊಸ್ಟಿಲ್ (ಬೇರೆ ದೇಶದಲ್ಲಿ ಒಪ್ಪಲು ದಾಖಲೆಗೆ ಹಾಕುವ ಅಧಿಕೃತ ದೃಢೀಕರಣ) ಎಂಬ ಹಳೆಯ ದಾರಿಯೇ ವಾಸಿ. ಎರಡೂ ದೇಶಗಳು ಅಪೊಸ್ಟಿಲ್ ಒಪ್ಪಂದದಲ್ಲಿವೆ, ಭಾರತ 2005ರಿಂದ. ಮೊದಲ ಭಾಗವನ್ನು ನೀವು ಸಾಮಾನ್ಯ ನೋಟರಿಯಾಗಿಯೇ ಮಾಡಿಕೊಡಬಹುದು, ಕೆಲಸವೂ ಸಿಗುತ್ತದೆ.

ಜಾಹೀರಾತು ಕೊಡಿ, ತಪ್ಪಿಲ್ಲ. ಆದರೆ ಭಾರತದಲ್ಲಿ ನೋಟರಿಗಳು ವಕೀಲರೇ ಆಗಿರುವುದು ರೂಢಿ, ಇಲ್ಲಿ ಹಾಗಲ್ಲ. ಕನ್ನಡದಲ್ಲಿ ಓದಿದವರು ನಿಮ್ಮನ್ನು ವಕೀಲರೆಂದೇ ತಿಳಿದು, ಪತ್ರದಲ್ಲಿ ಏನು ಬರೆಯಲಿ ಎಂದು ಕೇಳುತ್ತಾರೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಜಾಹೀರಾತು ಕೊಡುವ ನೋಟರಿ, ತಾನು ಟೆಕ್ಸಾಸ್‌ನಲ್ಲಿ ವಕೀಲಿ ಮಾಡಲು ಪರವಾನಗಿ ಪಡೆದವರಲ್ಲ, ಕಾನೂನು ಸಲಹೆ ಕೊಡುವಂತಿಲ್ಲ, ಅದಕ್ಕೆ ಶುಲ್ಕ ಪಡೆಯುವಂತಿಲ್ಲ ಎಂಬ ಸೂಚನೆಯನ್ನು ಇಂಗ್ಲಿಷಿನಲ್ಲೂ ಆ ಭಾಷೆಯಲ್ಲೂ ಹಾಕಲೇಬೇಕೆಂದು ಇಲ್ಲಿಯ ಕಾನೂನು ಹೇಳುತ್ತದೆ. ಸಣ್ಣ ಅಕ್ಷರದಲ್ಲಿ ಅಡಗಿಸದೆ ಎದ್ದು ಕಾಣುವಂತೆ ಹಾಕಿ.

ಗುರುಪ್ರಸಾದ್, ಆಸ್ಟಿನ್:

ತೆರಿಗೆ ಲೆಕ್ಕ ಮಾಡುವವನಾಗಿ ಒಂದು ಸೇರ್ಪಡೆ. ನೋಟರಿ ಶುಲ್ಕಕ್ಕೆ ಆದಾಯ ತೆರಿಗೆ ಇದೆ, ಆದರೆ ಸ್ವಉದ್ಯೋಗ ತೆರಿಗೆ ಇಲ್ಲ. ಅಂದರೆ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಭಾಗವನ್ನು ಅದರ ಮೇಲೆ ಕಟ್ಟಬೇಕಿಲ್ಲ. ಈ ವಿನಾಯಿತಿ ಮುದ್ರೆ ಹಾಕಿದ ಶುಲ್ಕಕ್ಕೆ ಮಾತ್ರ. ಸಾಲದ ಕಾಗದಗಳನ್ನು ಒಯ್ದು ಸಹಿ ಮಾಡಿಸಿದ್ದಕ್ಕೆ, ಪ್ರಯಾಣಕ್ಕೆ, ಪ್ರತಿ ತೆಗೆದುಕೊಟ್ಟದ್ದಕ್ಕೆ ಪಡೆದ ಹಣಕ್ಕೆ ಅನ್ವಯಿಸುವುದಿಲ್ಲ. ಮೊದಲ ದಿನದಿಂದಲೇ ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದಿಡಿ. ಬಾಂಡ್ ಪ್ರೀಮಿಯಂ, ವಿಮೆ, ವೇದಿಕೆಯ ಶುಲ್ಕ, ಡಿಜಿಟಲ್ ಪ್ರಮಾಣಪತ್ರ ಇವೆಲ್ಲ ಖರ್ಚಿನ ಬಾಬತ್ತು, ರಸೀದಿ ಎಸೆಯಬೇಡಿ. ಇಎಡಿ ನವೀಕರಣದ ದಿನಾಂಕವನ್ನೂ ಅದೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ನೋಟರಿ ನೇಮಕ ಉಳಿದಿದ್ದರೂ ಇಎಡಿ ಮುಗಿದ ದಿನದಿಂದ ಶುಲ್ಕ ಪಡೆಯುವಂತಿಲ್ಲ.